ಅಡುಗೆ ಮಾಡಿದವರ ಪಾಲು

ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಗುರೆಳ್ಳು ಚಟ್ನಿ, ಹಸಿ ಉಳ್ಳಾಗಡ್ಡಿ, ಒಂದಿಷ್ಟು ಮೊಸರು. ನವಲಗುಂದ, ಅಣ್ಣಿಗೇರಿ ಕಡೆ ಹೊಲದ ಮನೆಗಳಲ್ಲಿ ಊಟ ಅಂದರೆ ಇದು. ಎರಿ ಹೊಲದಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಬಿಳಿಜೋಳ, ಕುಸುಬಿ. ಹೊಲದ್ದೇ ಗಂಗಾಳಕ್ಕೆ ಬರುತ್ತದೆ.

ಈ ಜೋಡಿಗೆ ಕಾರಣವೂ ಇದೆ. ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಇರುತ್ತದೆ. ಅದು ಜೋಳದಲ್ಲಿ ಕಡಿಮೆ, ಕಾಳಿನಲ್ಲಿ ಹೆಚ್ಚು. ರೊಟ್ಟಿ, ಪಲ್ಯ ಕೂಡಿಸಿ ಉಂಡರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಅಂದರೆ ನಮ್ಮ ಊಟದಲ್ಲಿ ದೋಷವಿಲ್ಲ. ದೋಷ ಇರುವುದು ಉಣ್ಣುವ ಸರದಿಯಲ್ಲಿ.

ನಮ್ಮ ಮನೆಯಲ್ಲಿ ಐದು ಮಂದಿ. ಅವ್ವ ಬೆಳಗಿನ 5ಕ್ಕೆ ಎದ್ದು ರೊಟ್ಟಿ ಬಡಿಯುತ್ತಾಳೆ, ಬುತ್ತಿ ಕಟ್ಟುತ್ತಾಳೆ, ಆಮೇಲೆ ತಾನೂ ಹೊಲಕ್ಕೆ ಹೋಗುತ್ತಾಳೆ. ರಾತ್ರಿ ಎಲ್ಲರದೂ ಆದ ಮೇಲೆ ಅವಳ ಊಟ. ಅಷ್ಟೊತ್ತಿಗೆ ರೊಟ್ಟಿ ಉಳಿದಿರುತ್ತವೆ, ಪಲ್ಯ ಉಳಿದಿರುವುದಿಲ್ಲ. ಕೇಳಿದರೆ, "ನನಗ ಚಟ್ನಿ ಇದ್ರ ಸಾಕು" ಅನ್ನುತ್ತಾಳೆ.

ಹೋದ ವರ್ಷ ಅವಳಿಗೆ ಮೆಟ್ಟಿಲು ಹತ್ತಿದರೂ ಏದುಸಿರು ಬರತೊಡಗಿತು. ರಕ್ತ ತಪಾಸಣೆ ಮಾಡಿಸಿದಾಗ ಹಿಮೋಗ್ಲೋಬಿನ್ 9 ಇತ್ತು. ಹೆಂಗಸರಿಗೆ ಕನಿಷ್ಠ 12 ಇರಬೇಕು.

ಇದು ನಮ್ಮ ಮನೆಯದಷ್ಟೇ ಕಥೆ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದ ಲೆಕ್ಕದಲ್ಲಿ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣಾಂಶ ಬೇಕು, ಮುಟ್ಟಾಗುವ ವಯಸ್ಸಿನ ಹೆಂಗಸಿಗೆ 29. ಹೆಚ್ಚು ಬೇಕಾದವಳಿಗೇ ಬೋಗುಣಿಯ ತಳ ಸಿಗುತ್ತದೆ.

ಡಾಕ್ಟರು ಕಬ್ಬಿಣದ ಗುಳಿಗೆ ಕೊಟ್ಟರು. ಅದನ್ನು ಬಿಡದೆ ನುಂಗಬೇಕು, ಊಟವೊಂದೇ ಸಾಲದು. ಆದರೆ ಊಟವೂ ಸರಿಯಾಗಬೇಕಲ್ಲ? ಮೊದಲು ಉಣ್ಣು ಅಂದರೆ ಅವ್ವ ಒಪ್ಪಲಿಲ್ಲ. ದಾರಿ ತೋರಿಸಿದವಳು ಅಜ್ಜಿ. "ದೇವ್ರಿಗೆ ಎಡಿ ತಗದಿಡ್ತೀರಿ. ಮಾಡಿದಾಕಿಗೂ ಒಂದ್ ವಾಟಗ ತಗದಿಡ್ರಿ. ನಾ ಅಂತೂ ಹಂಗ ಉಂಡ್ನಿ, ಆಕಿ ಉಣೂದು ಬ್ಯಾಡ."

ಮರುದಿನದಿಂದ ಬೋಗುಣಿ ಇಳಿಸಿದ ಕೂಡಲೇ ಒಂದು ವಾಟಗ ಪಲ್ಯ ತೆಗೆದು ಮುಚ್ಚಿಡತೊಡಗಿದೆವು. ಆಗ ತಮ್ಮನಿಗೆ ಪಲ್ಯ ಸಾಲದೆ ಬಂತು. ಇಷ್ಟು ದಿನ ಐದು ಮಂದಿಯ ಮನೆಯಲ್ಲಿ ನಾಲ್ಕು ಮಂದಿಯ ಅಳತೆಗೆ ಪಲ್ಯ ಆಗುತ್ತಿತ್ತು ಅನ್ನುವುದು ಆಗ ಎದ್ದು ಕಂಡಿತು. ಈಗ ರಾತ್ರಿ ಕಾಳು ನೆನೆಹಾಕುವಾಗ ಒಂದು ಹಿಡಿ ಜಾಸ್ತಿ ಹಾಕುತ್ತೇವೆ. ಹೆಚ್ಚಿದ ಖರ್ಚು ಅಂದರೆ ಆ ಒಂದು ಹಿಡಿ ಅಷ್ಟೇ.

ನಮ್ಮ ಅಳತೆ ಹೀಗಿದೆ: ಐದು ಮಂದಿಗೆ ಕಾಲು ಕೆಜಿ ಹೆಸರುಕಾಳು. ರಾತ್ರಿ ನೆನೆಸಿ, ಮರುದಿನ ಅರಿವೆಯಲ್ಲಿ ಕಟ್ಟಿಟ್ಟರೆ ಮೊಳಕೆ ಬರುತ್ತದೆ. ಸಾಸಿವೆ, ಜೀರಗಿ, ಬೆಳ್ಳುಳ್ಳಿ, ಉಳ್ಳಾಗಡ್ಡಿ ಒಗ್ಗರಣೆ ಹಾಕಿ, ಅರಿಶಿನ, ಖಾರ, ಉಪ್ಪು ಸೇರಿಸಿ ಬೇಯಿಸಬೇಕು. ಒಬ್ಬರ ಪಾಲಿಗೆ 50 ಗ್ರಾಂ ಕಾಳು, ಅಂದರೆ 11-12 ಗ್ರಾಂ ಪ್ರೋಟೀನ್. ಲಿಂಬೆಹುಳಿಯನ್ನು ಇಳಿಸಿದ ಮೇಲೆ ಹಿಂಡಿ. ಅದು ಕಾಳಿನ ಕಬ್ಬಿಣಾಂಶ ಮೈಗೆ ಹತ್ತಲು ನೆರವಾಗುತ್ತದೆ. ಚಹಾ ಅದಕ್ಕೆ ಅಡ್ಡ ಬರುತ್ತದೆ, ಆದ್ದರಿಂದ ಊಟವಾಗಿ ಒಂದು ತಾಸು ಬಿಟ್ಟು ಕುಡಿಯಿರಿ.

ಅವ್ವನ ಹಿಮೋಗ್ಲೋಬಿನ್ ಈಗ 11ರ ಮೇಲಿದೆ. ಗುಳಿಗೆಯಿಂದ ಎಷ್ಟು, ವಾಟಗದಿಂದ ಎಷ್ಟು ಅಂತ ನಾವು ಲೆಕ್ಕ ಹಾಕಲು ಹೋಗಿಲ್ಲ.

ಇವತ್ತು ರಾತ್ರಿ ನಿಮ್ಮ ಮನೆಯಲ್ಲಿ ಎಲ್ಲರೂ ಉಂಡು ಎದ್ದ ಮೇಲೆ ಬೋಗುಣಿಯ ಮುಚ್ಚಳ ತೆಗೆದು ನೋಡ್ರಿ. ಉಣ್ಣಬೇಕಾದವರು ಇನ್ನೂ ಒಬ್ಬರು ಇದ್ದಾರೆ.