ಮೈಕೆಲ್ ಜಾಕ್ಸನ್ ಪ್ಲೇಟು ಮತ್ತು ನಲವತ್ತು ಸಾವಿರದ ಲೆಕ್ಕ

ಮೈಕೆಲ್ ಜಾಕ್ಸನ್ ಯಾರು ಅಂತ ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅವರ ಹಾಡಿನ ಒಂದು ಪದವೂ ಅರ್ಥವಾಗದವರಿಗೂ ಹೆಸರು ಗೊತ್ತು. ಗಣೇಶನ ಮೆರವಣಿಗೆಯಲ್ಲಿ ಹುಡುಗನೊಬ್ಬ ಕಾಲು ಜಾರಿಸುತ್ತಾ ಹಿಂದಕ್ಕೆ ಹೋದರೆ ಸಾಕು, 'ಬಂದ ನೋಡಪ್ಪಾ ಮೈಕೆಲ್ ಜಾಕ್ಸನ್' ಅಂತಾರೆ. ಮೈಸೂರಲ್ಲಿ ಹುಟ್ಟಿದ ಪ್ರಭುದೇವ ಅವರನ್ನು 'ಇಂಡಿಯಾದ ಮೈಕೆಲ್ ಜಾಕ್ಸನ್' ಅಂತ ಕರೆದಾಗ ಯಾರೂ ವಿವರಣೆ ಕೇಳಲಿಲ್ಲ. ಅಸಲಿ ಜಾಕ್ಸನ್ 1996ರ ನವೆಂಬರ್ 1ರಂದು ಮುಂಬೈಗೆ ಬಂದು ಹಾಡಿ ಕುಣಿದು ಹೋದಾಗ ನಾವಿನ್ನೂ ಚಡ್ಡಿ ಹಾಕಿಕೊಂಡು ಪ್ರೈಮರಿ ಸ್ಕೂಲಿಗೆ ಹೋಗುತ್ತಿದ್ದೆವು.

ಆ ಮನುಷ್ಯನ ಒಂದು ಆಲ್ಬಂ ಮೇಲೆ 2022ರಲ್ಲಿ ಅಮೆರಿಕದಲ್ಲಿ ದೊಡ್ಡ ಜಗಳ ಆಯಿತು. ಆಲ್ಬಂ ಹೆಸರು 'ಥ್ರಿಲ್ಲರ್'. ಮೊದಲು ಬಿಡುಗಡೆಯಾಗಿದ್ದು 1982ರ ನವೆಂಬರ್‌ನಲ್ಲಿ. ಒಟ್ಟು ಒಂಬತ್ತು ಹಾಡು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 37 ವಾರ ಮೊದಲ ಸ್ಥಾನದಲ್ಲಿ ಕೂತಿತ್ತು. ಜಗಳ ಹಾಡಿನ ಬಗ್ಗೆ ಅಲ್ಲ. ಅದನ್ನು ನಲವತ್ತು ವರ್ಷದ ನಂತರ ಮತ್ತೆ ಪ್ಲೇಟು ಮಾಡಿ ಮಾರುವಾಗ ಹೇಗೆ ಮಾಡಿದರು, ಏನು ಹೇಳಿ ಮಾರಿದರು ಅನ್ನುವುದರ ಬಗ್ಗೆ. ನಾವು ಮೂವರು ಸ್ಟ್ರಿಂಗರ್‌ಗಳು, ಬಸ್ ಸ್ಟ್ಯಾಂಡ್ ಎದುರಿನ ಒಂದೇ ರೂಮಿನಲ್ಲಿ ಕೂತು ಬೇರೆ ಬೇರೆ ಪತ್ರಿಕೆಗೆ ಸುದ್ದಿ ಕಳಿಸುವವರು, ಈ ಜಗಳವನ್ನು ಫೋನಿನಲ್ಲಿ ಓದಿ ನಾವೂ ಜಗಳಕ್ಕೆ ಬಿದ್ದೆವು.

ಪ್ಲೇಟು ಅಂದರೆ ಗ್ರಾಮಾಫೋನ್ ಪ್ಲೇಟು. ಈಗಿನವರು ವಿನೈಲ್ ಅನ್ನುತ್ತಾರೆ. ಅದು ಸತ್ತೇ ಹೋಯಿತು ಅಂತ ನಾವೆಲ್ಲ ತಿಳಿದಿದ್ದೆವು. ಅಮೆರಿಕದಲ್ಲಿ ಸತ್ತಿಲ್ಲ. ಅದೇ 2022ರಲ್ಲಿ ಅಲ್ಲಿ 4.1 ಕೋಟಿ ಪ್ಲೇಟು ಮಾರಾಟವಾದವು, ಸಿಡಿ ಮಾರಿದ್ದು 3.3 ಕೋಟಿ. ಪ್ಲೇಟು ಸಿಡಿಯನ್ನು ಹಿಂದೆ ಹಾಕಿದ್ದು 1987ರ ನಂತರ ಅದೇ ಮೊದಲು. ಕೊಳ್ಳುವವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದಾರೆ. ಕಂಪ್ಯೂಟರಿನ ಲೆಕ್ಕದಲ್ಲಿ ತುಂಡಾಗದೆ, ಟೇಪಿನಿಂದ ನೇರವಾಗಿ ಗೀರಾಗಿ ಇಳಿದ ಸದ್ದೇ ಅಸಲಿ ಸದ್ದು ಅಂತ ನಂಬುವ ಒಂದು ದೊಡ್ಡ ಗುಂಪು ಅವರ ನಡುವೆ ಇದೆ.

ಪ್ಲೇಟು ಹೇಗೆ ಹುಟ್ಟುತ್ತದೆ ಅನ್ನುವುದನ್ನು ಸ್ವಲ್ಪ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮೂಲ ಟೇಪನ್ನು ಹಾಕಿ ನುಡಿಸುತ್ತಾರೆ. ಅದೇ ಹೊತ್ತಿಗೆ ಲೇತ್ ಯಂತ್ರದ ಮೊನೆಯೊಂದು ಮೆರುಗೆಣ್ಣೆ ಬಳಿದ ಮೃದುವಾದ ತಟ್ಟೆಯ ಮೇಲೆ ಗೀರು ಕೊರೆಯುತ್ತದೆ. ಆ ತಟ್ಟೆಗೆ ನಿಕ್ಕಲ್ ಲೇಪ ಕೊಟ್ಟು ಲೋಹದ ಅಚ್ಚು ತೆಗೆಯುತ್ತಾರೆ. ಆ ಅಚ್ಚಿನಿಂದ ಇನ್ನೊಂದು, ಅದರಿಂದ ಮತ್ತೊಂದು, ಹೀಗೆ ಮೂರು ತಲೆಮಾರು. ಕೊನೆಯ ಅಚ್ಚಿನಿಂದ ಪ್ಲೇಟು ಒತ್ತುತ್ತಾರೆ. ಒಂದೇ ಸಲ ಕೊರೆದ ತಟ್ಟೆಯಿಂದ ಸಾವಿರಾರು ಪ್ಲೇಟು ಬರುವುದು ಹೀಗೆ. ಪ್ರತಿ ತಲೆಮಾರಿಗೂ ಸದ್ದಿನ ನಯ ಚೂರು ಚೂರು ಸವೆಯುತ್ತದೆ ಅನ್ನುವುದು ಬಲ್ಲವರ ಮಾತು.

ಪ್ಲೇಟಿನಲ್ಲಿ ಜಾಗದ ತಾಪತ್ರಯವೂ ಇದೆ. ಒಂದು ಮಗ್ಗುಲಲ್ಲಿ ಹೆಚ್ಚು ಹೊತ್ತಿನ ಹಾಡು ತುಂಬಿದರೆ ಗೀರುಗಳು ಒತ್ತೊತ್ತಾಗಿ ಸದ್ದು ಸೊರಗುತ್ತದೆ. 'ಥ್ರಿಲ್ಲರ್' ಮೊದಲ ಸಲ ತಯಾರಾದಾಗ ಇದೇ ಆಗಿತ್ತು. ನಿರ್ಮಾಪಕ ಕ್ವಿನ್ಸಿ ಜೋನ್ಸ್, ಧ್ವನಿ ಎಂಜಿನಿಯರ್ ಬ್ರೂಸ್ ಸ್ವೀಡಿಯನ್, ಜಾಕ್ಸನ್ ಎಲ್ಲರೂ ಕೂತು ಕೇಳಿದರೆ ಪ್ಲೇಟು ಸಪ್ಪೆ. ಹಾಡುಗಳನ್ನು ಕತ್ತರಿಸಿ, ಮತ್ತೆ ಮಿಕ್ಸ್ ಮಾಡಿ, ಆಮೇಲೆ ಬಿಟ್ಟರು. 'ಬಿಲ್ಲಿ ಜೀನ್' ಹಾಡನ್ನು 91 ಸಲ ಮಿಕ್ಸ್ ಮಾಡಿ ಕೊನೆಗೆ ಎರಡನೆಯದನ್ನೇ ಇಟ್ಟುಕೊಂಡೆವು ಅಂತ ಸ್ವೀಡಿಯನ್ ಹೇಳಿಕೊಂಡಿದ್ದಾರೆ. ಕಿವಿಯನ್ನು ನಂಬಿ ಕೆಲಸ ಮಾಡುವವರ ಪಾಡು ಇದು.

ಈಗ ಜಗಳಕ್ಕೆ ಬರೋಣ. ಕ್ಯಾಲಿಫೋರ್ನಿಯಾದಲ್ಲಿ ಮೊಬೈಲ್ ಫಿಡೆಲಿಟಿ ಅಂತ ಒಂದು ಕಂಪನಿ. ಹೆಸರಲ್ಲಿ ಮೊಬೈಲ್ ಇದ್ದರೂ ನಮ್ಮ ಕೈಯಲ್ಲಿರುವ ಮೊಬೈಲಿಗೂ ಅದಕ್ಕೂ ಸಂಬಂಧವಿಲ್ಲ. 1970ರ ದಶಕದಿಂದ ಹಳೆಯ ಆಲ್ಬಂಗಳನ್ನು ಮೂಲ ಟೇಪಿನಿಂದ ಮತ್ತೆ ಪ್ಲೇಟು ಮಾಡಿ ಮಾರುವುದು ಅದರ ಕಸುಬು. ಕವರಿನ ಮೇಲೆ ದಪ್ಪ ಪಟ್ಟಿಯಲ್ಲಿ 'ಒರಿಜಿನಲ್ ಮಾಸ್ಟರ್ ರೆಕಾರ್ಡಿಂಗ್' ಅಂತ ಅಚ್ಚು. ಅವರ ದುಬಾರಿ ಸರಣಿಗೆ 'ಒನ್ ಸ್ಟೆಪ್' ಅಂತ ಹೆಸರು. ಮೂರು ತಲೆಮಾರಿನ ಅಚ್ಚು ಬಿಟ್ಟು, ಕೊರೆದ ತಟ್ಟೆಯಿಂದ ತೆಗೆದ ಮೊದಲ ಅಚ್ಚಿನಲ್ಲೇ ನೇರ ಪ್ಲೇಟು ಒತ್ತುವುದು. ಸವೆತ ಕಡಿಮೆ, ಬೆಲೆ ಜಾಸ್ತಿ. ಒಂದು ಪ್ಲೇಟಿಗೆ ನೂರು ಡಾಲರ್ ಅಂದರೆ ಆಗ ಸುಮಾರು ಎಂಟು ಸಾವಿರ ರೂಪಾಯಿ.

ಈ ಸರಣಿಯಲ್ಲಿ 'ಥ್ರಿಲ್ಲರ್' ಬರುತ್ತದೆ, ಸಂಖ್ಯೆ ಹಾಕಿದ 40,000 ಪ್ರತಿ ಅಂತ ಕಂಪನಿ ಪ್ರಕಟಿಸಿತು. ಲೆಕ್ಕ ಗೊತ್ತಿದ್ದವರ ತಲೆ ಕೆರೆಯಲು ಶುರುವಾಗಿದ್ದು ಇಲ್ಲೇ. ಒಂದೇ ತಲೆಮಾರಿನ ಅಚ್ಚಾದರೆ ಅದು ಬೇಗ ಸವೆಯುತ್ತದೆ. ಒಂದು ಅಚ್ಚಿಗೆ ಸಾವಿರ ಪ್ಲೇಟು ಅಂತಲೇ ಇಟ್ಟುಕೊಳ್ಳಿ. 40,000 ಬೇಕಾದರೆ ನಲವತ್ತು ಅಚ್ಚು, ನಲವತ್ತು ಅಚ್ಚಿಗೆ ನಲವತ್ತು ಸಲ ಗೀರು ಕೊರೆಯಬೇಕು, ಅಷ್ಟು ಸಲವೂ ಮೂಲ ಟೇಪನ್ನು ಓಡಿಸಬೇಕು. ನಲವತ್ತು ವರ್ಷದ ಟೇಪು, ಅದೂ ಮೈಕೆಲ್ ಜಾಕ್ಸನ್‌ದು. ಅದನ್ನು ತಿಜೋರಿಯಂಥ ಕೋಣೆಯಲ್ಲಿ ಇಟ್ಟುಕೊಂಡ ಸೋನಿ ಕಂಪನಿ ಹಾಗೆ ಓಡಿಸಿ ಸವೆಸಲು ಬಿಡುತ್ತದೆಯೇ?

ಇದನ್ನು ಬಾಯಿಬಿಟ್ಟು ಹೇಳಿದ್ದು ಯಾವ ದೊಡ್ಡ ಪತ್ರಿಕೆಯೂ ಅಲ್ಲ. ಅರಿಜೋನಾದ ಫೀನಿಕ್ಸ್ ನಗರದ ಒಬ್ಬ ಪ್ಲೇಟು ಅಂಗಡಿಯವರು. 2022ರ ಜುಲೈನಲ್ಲಿ ವಿಡಿಯೊ ಹಾಕಿದರು: ಇವರು ಟೇಪಿನಿಂದ ನೇರ ಕೊರೆಯುತ್ತಿಲ್ಲ, ನಡುವೆ ಡಿಜಿಟಲ್ ನಕಲು ಇದೆ ಅಂತ ನನಗೆ ಬಲ್ಲ ಕಡೆಯಿಂದ ತಿಳಿದಿದೆ. ಜನ ಅವರನ್ನೇ ಬೈದರು. ಕಂಪನಿಯ ಎಂಜಿನಿಯರುಗಳು ಅವರನ್ನು ಕ್ಯಾಲಿಫೋರ್ನಿಯಾದ ಸೆಬಾಸ್ಟೊಪೋಲ್‌ನಲ್ಲಿರುವ ತಮ್ಮ ಜಾಗಕ್ಕೆ ಕರೆಸಿಕೊಂಡರು. ಕ್ಯಾಮೆರಾ ಎದುರೇ ಕೂತು, ಹೌದು, ಬಳಸುತ್ತೇವೆ ಅಂದರು. ಡಿಎಸ್‌ಡಿ ಅನ್ನುವ ಬಹಳ ಸೂಕ್ಷ್ಮವಾದ ಡಿಜಿಟಲ್ ವಿಧಾನ ಅದು. ಬಳಸುತ್ತಿದ್ದುದು 2011ರಿಂದಲೇ. ಅಂದರೆ ಹತ್ತು ವರ್ಷದಿಂದ.

ಆ ಹತ್ತು ವರ್ಷದಲ್ಲಿ ಏನೇನಾಗಿತ್ತು ನೋಡಿ. ಡಿಜಿಟಲ್ ಸದ್ದು ಕೇಳಿದರೆ ಕಿವಿಗೆ ಮರಳು ಉಜ್ಜಿದ ಹಾಗಾಗುತ್ತದೆ, ಕಣ್ಣು ಮುಚ್ಚಿ ಕೇಳಿದರೂ ಕಂಡುಹಿಡಿಯುತ್ತೇವೆ ಅಂತಿದ್ದವರು ಇದೇ ಕಂಪನಿಯ ಪ್ಲೇಟುಗಳನ್ನು ಅಸಲಿ ಸದ್ದಿನ ಮಾದರಿ ಅಂತ ಹೊಗಳಿದ್ದರು. ವಿಮರ್ಶೆ ಬರೆದಿದ್ದರು. ಕೊಂಡು ಬಚ್ಚಿಟ್ಟಿದ್ದರು. ಯಾರ ಕಿವಿಗೂ ಗೊತ್ತಾಗಿರಲಿಲ್ಲ. ಓದುತ್ತಾ ನಮಗೆ ನಗು ಬಂತು, ಸುಳ್ಳು ಯಾಕೆ ಹೇಳೋಣ.

ಅಭಿಮಾನಿಗಳು ಒಡೆದು ಹೋಳಾದರು. ಒಂದು ಕಡೆಯವರು ನಮಗೆ ಮೋಸ ಆಯಿತು, ದುಡ್ಡು ವಾಪಸ್ ಕೊಡಿ ಅಂದರು. ಇನ್ನೊಂದು ಕಡೆಯವರು, ನಿನ್ನೆವರೆಗೆ ಅದ್ಭುತ ಅಂತಿದ್ದ ಸದ್ದು ಇವತ್ತು ಬೆಳಗ್ಗೆ ಹೇಗೆ ಕೆಟ್ಟು ಹೋಯಿತು ಅಂತ ಕೇಳಿದರು. ನಿಜವಾದ ಜಾಕ್ಸನ್ ಅಭಿಮಾನಿಗಳು ಇವರಿಬ್ಬರನ್ನೂ ನೋಡಿ ಬೇಸತ್ತಿರಬೇಕು. 'ಥ್ರಿಲ್ಲರ್' ಲಕ್ಷಗಟ್ಟಲೆ ಅಲ್ಲ, ಕೋಟಿಗಟ್ಟಲೆ ಮಾರಿದ ಆಲ್ಬಂ. 1982ರ ಅಸಲಿ ಪ್ಲೇಟು ಅಮೆರಿಕದ ಹಳೇ ಸಾಮಾನಿನ ಅಂಗಡಿಗಳಲ್ಲಿ ಕಡಿಮೆ ದುಡ್ಡಿಗೇ ಸಿಗುತ್ತದೆ.

ನಮ್ಮ ರೂಮಿನಲ್ಲೂ ಅದೇ ಎರಡು ಪಕ್ಷ. ಸದ್ದು ಚೆನ್ನಾಗಿದ್ದರೆ ಮುಗಿಯಿತಲ್ಲ ಅನ್ನುವುದು ನಮ್ಮಲ್ಲಿ ಒಬ್ಬರ ವಾದ. ಮೂಲ ಟೇಪು ಉಳಿಯಬೇಕಾದರೆ ಒಂದು ಸಲ ಒಳ್ಳೆಯ ನಕಲು ಮಾಡಿಕೊಂಡು, ಮತ್ತೆ ಮತ್ತೆ ನಕಲಿನಿಂದಲೇ ಕೊರೆಯುವುದು ಬುದ್ಧಿವಂತಿಕೆಯ ಕೆಲಸ, ಮೋಸ ಎಲ್ಲಿದೆ? ಈ ವಾದದಲ್ಲಿ ಹುರುಳಿದೆ. ಆದರೂ ಏನೋ ಒಪ್ಪಿಗೆಯಾಗದೆ, ಹಳೇ ಪೇಟೆಯ ಮೈಕ್‌ಸೆಟ್ ಅಣ್ಣನ ಹತ್ತಿರ ಹೋದೆವು. ಅವರಿಗೀಗ ಎಪ್ಪತ್ತು ದಾಟಿದೆ. ಒಂದು ಕಾಲಕ್ಕೆ ಸುತ್ತಲ ಊರುಗಳ ಮದುವೆ, ಜಾತ್ರೆ, ನಾಟಕಕ್ಕೆಲ್ಲ ಅವರದೇ ಹಾರನ್ನು, ಅವರದೇ ಪ್ಲೇಟು. ಮನೆಯ ಅಟ್ಟದಲ್ಲಿ ಇವತ್ತಿಗೂ ಒಂದು ಟ್ರಂಕು ಪ್ಲೇಟಿದೆ.

ಕತೆ ಪೂರ್ತಿ ಕೇಳಿದರು. ಆಮೇಲೆ ಅಂದರು: "ನಾನೂ ಅದನ್ನೇ ಮಾಡಿದ್ದೆ ಕಣ್ರಪ್ಪಾ. ಕ್ಯಾಸೆಟ್ ಬಂತಲ್ಲ, ಪ್ಲೇಟು ಸವೆದು ಹೋಗ್ತವೆ, ಮುಳ್ಳು ಬೇರೆ ದುಬಾರಿ ಅಂತ ಎಲ್ಲಾ ಹಾಡೂ ಕ್ಯಾಸೆಟ್ಟಿಗೆ ಇಳಿಸ್ಕೊಂಡು ಅದನ್ನೇ ಹಾಕ್ತಿದ್ದೆ. ಯಾರಿಗೂ ಗೊತ್ತಾಗ್ತಿರಲಿಲ್ಲ."

"ಹಂಗಾದ್ರೆ ಕಂಪನಿ ಮಾಡಿದ್ದು ಸರಿ ಅಂತೀರಾ ಅಣ್ಣ?"

"ಮದುವೆ ಮನೆಯೋರು ನಂಗೆ ದುಡ್ಡು ಕೊಟ್ಟಿದ್ದು ಹಾಡು ಹಾಕೋಕೆ. ಪ್ಲೇಟಲ್ಲೇ ಹಾಕು ಅಂತ ಯಾರೂ ಹೇಳಿರ್ಲಿಲ್ಲ, ಪ್ಲೇಟಲ್ಲೇ ಹಾಕ್ತೀನಿ ಅಂತ ನಾನೂ ಹೇಳಿರ್ಲಿಲ್ಲ. ಇವನು ಪ್ಲೇಟಿಗೇ ಅಂತ ಜಾಸ್ತಿ ದುಡ್ಡು ಇಸ್ಕೊಂಡವ್ನೆ."

ಇದನ್ನು ನಾವು ಮೂವರು ಡಿಪ್ಲೊಮಾ ಮಾಡಿದವರು ಎರಡು ರಾತ್ರಿ ಚರ್ಚೆ ಮಾಡಿಯೂ ಹೇಳಲಾಗಿರಲಿಲ್ಲ. ಮರದ ಗಾಣದ ಎಣ್ಣೆ ಅಂತ ಲೇಬಲ್ ಹಚ್ಚಿ ಮಿಲ್ಲಿನ ಎಣ್ಣೆ ಕೊಟ್ಟರೆ ಒಗ್ಗರಣೆ ಅಷ್ಟೇ ಘಮಘಮ ಅನ್ನಬಹುದು. ಆದರೂ ಲೀಟರಿಗೆ ನಾವು ಹೆಚ್ಚಿಗೆ ಕೊಟ್ಟಿದ್ದು ಗಾಣ ಅನ್ನುವ ಒಂದು ಮಾತಿಗೆ. ಮೊಬೈಲ್ ಫಿಡೆಲಿಟಿ ಡಿಜಿಟಲ್ ಬಳಸಿದ್ದು ತಪ್ಪಲ್ಲ ಅಂತಲೇ ನಮ್ಮ ಅಭಿಪ್ರಾಯ. ಪ್ಲೇಟಿನ ಜೊತೆ ಕೊಡುತ್ತಿದ್ದ ಹಾಳೆಯಲ್ಲಿ ಟೇಪಿನಿಂದ ತಟ್ಟೆ, ತಟ್ಟೆಯಿಂದ ಅಚ್ಚು, ಅಚ್ಚಿನಿಂದ ಪ್ಲೇಟು ಅಂತ ನಡೆಯುವ ಹಾದಿಯನ್ನೆಲ್ಲ ಹೊಗಳಿ, ನಡುವಿನ ಆ ಒಂದು ಹೆಜ್ಜೆಯನ್ನು ಮಾತ್ರ ಬಾಯಿ ಬಿಡದೆ ಇದ್ದರಲ್ಲ, ಅಲ್ಲಿದೆ ತಪ್ಪು.

ಇದರಲ್ಲಿ ನಮಗೇಕೆ ಇಷ್ಟು ಆಸಕ್ತಿ ಅಂತ ನೀವು ಕೇಳಬಹುದು. ನಮ್ಮ ಕಸುಬಿನಲ್ಲೂ ಒಂದು ಪಟ್ಟಿ ಇದೆ. ಸುದ್ದಿಯ ಶುರುವಿನಲ್ಲಿ ಊರ ಹೆಸರು ಹಾಕುತ್ತಾರಲ್ಲ, ಅದು. ಆ ಹೆಸರು ಕಂಡರೆ ವರದಿಗಾರ ಅಲ್ಲಿಗೆ ಹೋಗಿ, ಕಣ್ಣಾರೆ ನೋಡಿ ಬರೆದಿದ್ದಾನೆ ಅಂತ ಓದುವವರು ತಿಳಿಯುತ್ತಾರೆ. ನಮಗೆ ಸುದ್ದಿಗೆ ಇಷ್ಟು ಅಂತ ದುಡ್ಡು, ಪೆಟ್ರೋಲಿಗೆ ಬೇರೆ ಇಲ್ಲ. ಐವತ್ತು ಕಿಲೋಮೀಟರ್ ದೂರದ ಹಳ್ಳಿಯಲ್ಲಿ ಕೆರೆ ಕೋಡಿ ಒಡೆದರೆ ಬೆಳಗ್ಗೆ ಏಳಕ್ಕೇ ಸುದ್ದಿ ಬೇಕು. ಪಂಚಾಯ್ತಿಯವರಿಗೆ, ಅಲ್ಲಿನ ಇಬ್ಬರು ರೈತರಿಗೆ, ಠಾಣೆಗೆ ಫೋನ್ ಮಾಡಿ ಬರೆಯುತ್ತೇವೆ. ತಪ್ಪಿರುವುದಿಲ್ಲ. ಎಷ್ಟೋ ಸಲ ಹೋಗಿ ನೋಡಿ ಬರೆದದ್ದಕ್ಕಿಂತ ವಿವರ ಹೆಚ್ಚೇ ಇರುತ್ತದೆ. ಅಂಥದ್ದರಲ್ಲಿ 'ದೂರವಾಣಿಯಲ್ಲಿ ತಿಳಿಸಿದರು' ಅಂತ ನಾವು ಸೇರಿಸುತ್ತೇವೆ. ನಮ್ಮಲ್ಲಿ ಒಬ್ಬರು ಬರೆಯುವ ಪತ್ರಿಕೆಯ ಡೆಸ್ಕಿನಲ್ಲಿ ಆ ಎರಡು ಪದವನ್ನು ಸಲೀಸಾಗಿ ಹಾರಿಸುತ್ತಾರೆ. ಕೇಳಿದರೆ ಜಾಗ ಇಲ್ಲ ಅಂತಾರೆ. ಇನ್ನೊಂದು ದಿನ, ಹಾಗೆ ಬರೆದರೆ ಸುದ್ದಿಗೆ ತೂಕ ಬರಲ್ಲ ಕಣ್ರೀ ಅಂದರು. ಅವತ್ತು ಫೋನ್ ಇಟ್ಟಮೇಲೆ, ಸದ್ದು ಚೆನ್ನಾಗಿದ್ದರೆ ಸಾಕು ಅಂತ ವಾದಿಸಿದ್ದವರೇ ರೂಮಿನಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಾಡಿದರು. ನಾವಿನ್ನೂ ಆ ಎರಡು ಪದ ಸೇರಿಸುತ್ತಲೇ ಇದ್ದೇವೆ. ಮುಂದಿನ ತಿಂಗಳಿಂದ ಸುದ್ದಿ ಕಳಿಸಬೇಡಿ ಅಂತ ಒಂದು ದಿನ ಹೇಳಿದರೂ ಹೇಳಬಹುದು.

ಅಮೆರಿಕದಲ್ಲಿ ಮುಂದೇನಾಯಿತು ಅಂದರೆ, ಕಂಪನಿ ಕ್ಷಮೆ ಕೇಳಿತು. ಕೊಂಡವರು ಕೋರ್ಟಿಗೆ ಹೋದರು. 2023ರಲ್ಲಿ ಸುಮಾರು 2.5 ಕೋಟಿ ಡಾಲರ್ ಮೌಲ್ಯದ ರಾಜಿಯಾಯಿತು. ಪ್ಲೇಟು ವಾಪಸ್ ಕೊಟ್ಟು ದುಡ್ಡು ಪಡೆಯಬಹುದು, ಪ್ಲೇಟು ಇಟ್ಟುಕೊಂಡು ಸ್ವಲ್ಪ ಪರಿಹಾರವನ್ನೂ ಪಡೆಯಬಹುದು. ಈಗ ಆ ಕಂಪನಿ ತನ್ನ ಪ್ಲೇಟುಗಳ ವಿವರದಲ್ಲಿ ಮೂಲ ಟೇಪು ಯಾವುದು, ನಡುವೆ ಡಿಎಸ್‌ಡಿ ಇದೆಯೋ ಇಲ್ಲವೋ ಅಂತ ಸಾಲಾಗಿ ಬರೆಯುತ್ತದೆ. 'ಥ್ರಿಲ್ಲರ್' ಕೂಡ ಬಂತು. ನಡುವೆ ಡಿಜಿಟಲ್ ಇದೆ ಅಂತ ಗೊತ್ತಿದ್ದೂ ಜನ ಕೊಂಡರು.

ಇದನ್ನು ಹೇಳಲು ಮೊನ್ನೆ ಮತ್ತೆ ಮೈಕ್‌ಸೆಟ್ ಅಣ್ಣನ ಮನೆ ಕಡೆ ಹೋಗಿದ್ದೆವು. ರಾಜಿಯ ಲೆಕ್ಕ ಅವರಿಗೆ ಬೇಕಿರಲಿಲ್ಲ. ಒಂದು ಪ್ಲೇಟಿಗೆ ಎಂಟು ಸಾವಿರವಾ ಅಂತ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಆಮೇಲೆ ಮೊಮ್ಮಗನನ್ನು ಕೂಗಿ, ಅಟ್ಟದ ಮೇಲಿನ ಟ್ರಂಕು ಇಳಿಸು ಅಂದರು.