ಠಕಾರದ ಚುಕ್ಕಿ

ಮೊನ್ನೆ ಪಕ್ಕದ ಮನೆಯವರ ಗಾಜಿನ ಬಾಗಿಲಿಗೆ ‘ಶ್ರೀಕಂಠ ನಿಲಯ’ ಎಂದು ವಿನೈಲ್ ಅಕ್ಷರಗಳನ್ನು ಅಂಟಿಸಿಕೊಟ್ಟೆ. ಕತ್ತರಿಸಿದ ಅಕ್ಷರಗಳನ್ನು ಎತ್ತಿ ಗಾಜಿಗೆ ದಾಟಿಸುವ ಟ್ರಾನ್ಸ್‌ಫರ್ ಪೇಪರನ್ನು ಮೆಲ್ಲಗೆ ಬಿಡಿಸುತ್ತ ಹೋದಂತೆ ಶ್ರೀ ನಿಂತಿತು, ಕ ನಿಂತಿತು, ಸೊನ್ನೆ ನಿಂತಿತು. ಠಕಾರದ ಹೊಟ್ಟೆಯೊಳಗೆ ಎಳ್ಳಿನಷ್ಟಿದ್ದ ಚುಕ್ಕಿಯೂ ತನ್ನ ಜಾಗದಲ್ಲೇ ಗಾಜು ಕಚ್ಚಿತು. ಎಷ್ಟು ಸಲ ಅಂಟಿಸಿದರೂ ಆ ಚುಕ್ಕಿ ಕೂರುವ ಗಳಿಗೆಯಲ್ಲಿ ಉಸಿರು ಬಿಗಿಹಿಡಿಯುತ್ತೇನೆ.

ಗೋಣಿಚೀಲ, ಎಣ್ಣೆ ಡ್ರಮ್ಮುಗಳ ಮೇಲೆ ತಗಡಿನ ಅಚ್ಚಿಟ್ಟು ಬಣ್ಣ ಬಳಿದ ಅಕ್ಷರಗಳನ್ನು ನೋಡಿ. ಒಳಗಿನ ತುಂಡು ಕಳಚಿ ಬೀಳಬಾರದೆಂದು ಅಲ್ಲಲ್ಲಿ ತಗಡನ್ನು ಕತ್ತರಿಸದೆ ಬಿಟ್ಟಿರುತ್ತಾರೆ. ಹಾಗಾಗಿ ಒಂದು ಸುತ್ತೂ ಪೂರ್ತಿಯಾಗುವುದಿಲ್ಲ. ಸುತ್ತುಗಳೇ ಜೀವಾಳವಾದ ಕನ್ನಡ ಲಿಪಿಗೆ ಅದು ದೊಡ್ಡ ನಷ್ಟ. ಟ್ರಾನ್ಸ್‌ಫರ್ ಪೇಪರಿಗೆ ಆ ಹಂಗಿಲ್ಲ. ಬಿಡಿ ಚುಕ್ಕಿ, ಬಿಡಿ ಒತ್ತು ಎಲ್ಲವನ್ನೂ ಅಂತರ ಕದಲದಂತೆ ಎತ್ತಿಕೊಂಡು ಹೋಗುತ್ತದೆ.

ಪೇಪರ್ ಎಂದರೆ ನನ್ನ ಪ್ರಕಾರ ನಿಜವಾದ ಕಾಗದವೇ. ವಿನೈಲ್ ಕತ್ತರಿಸುವ ಕ್ರಿಕಟ್, ಸಿಲೂಯೆಟ್ ಯಂತ್ರ ಕೊಂಡ ಹವ್ಯಾಸಿಗಳು ಚೌಕಳಿ ಗೆರೆಯ ಪಾರದರ್ಶಕ ಹಾಳೆಗೆ ಮರುಳಾಗಿದ್ದಾರೆ. “ಎಲ್ಲಿ ಅಂಟಿಸುತ್ತೇವೆ ಅಂತ ಕಾಣಬೇಡವಾ?” ಎಂದು ಕೇಳುತ್ತಾರೆ. ಕಾಣಲೇಬೇಕೆಂದೇನಿಲ್ಲ! ಹಿಂಬದಿಯ ಕಾಗದ ತೆಗೆಯದೆ ಇಡೀ ಹಾಳೆಯನ್ನು ಗಾಜಿನ ಮೇಲಿಟ್ಟು, ಅಳತೆ ನೋಡಿ, ನಡುಮಧ್ಯಕ್ಕೆ ಮೇಲಿಂದ ಕೆಳಗೆ ಒಂದು ಮಾಸ್ಕಿಂಗ್ ಟೇಪ್ ಹಾಕಿ. ಒಂದು ಪಕ್ಕವನ್ನು ಎತ್ತಿ, ಹಿಂಬದಿಯ ಕಾಗದವನ್ನು ಅಷ್ಟರಮಟ್ಟಿಗೆ ಕತ್ತರಿಸಿ ತೆಗೆದು, ನಡುವಿನಿಂದ ಅಂಚಿನ ಕಡೆಗೆ ಉಜ್ಜುತ್ತ ಬನ್ನಿ. ಆಮೇಲೆ ಟೇಪ್ ಕಿತ್ತು ಇನ್ನೊಂದು ಪಕ್ಕ. ಸಾಲು ಸೊಟ್ಟಗಾಗುವ ಮಾತೇ ಇಲ್ಲ. ಟ್ರಾನ್ಸ್‌ಫರ್ ಪೇಪರ್ ಬಿಡಲು ಹಟ ಮಾಡಿದರೆ ಬೆನ್ನಿಗೆ ನೀರು ಚಿಮುಕಿಸಿ. ಒಂದೆರಡು ನಿಮಿಷದಲ್ಲಿ ಮೆತ್ತಗಾಗಿ ಪಟ್ಟು ಸಡಿಲಿಸುತ್ತದೆ. ಪ್ಲಾಸ್ಟಿಕ್ ಹಾಳೆಗೆ ನೀರು ಇಳಿಯುವುದೇ ಇಲ್ಲ.

ಬಿಡಿಸುವ ಬಗೆಯನ್ನು ನನಗೆ ಹೇಳಿಕೊಟ್ಟಿದ್ದು ಬೆಂಗಳೂರಿನ ಜೆ.ಸಿ. ರಸ್ತೆಯ ರೇಡಿಯಂ ಅಂಗಡಿಯ ಹುಡುಗ: “ಮೇಲಕ್ಕೆ ಎತ್ತಬೇಡಿ ಮೇಡಂ, ಮಡಚಿ ಎಳೀರಿ.” ಕಾಗದವನ್ನು 180 ಡಿಗ್ರಿ ಹಿಂದಕ್ಕೆ ಮಡಚಿ, ಗಾಜಿಗೆ ಒರಗಿಸಿಕೊಂಡೇ ಎಳೆದರೆ ವಿನೈಲಿನ ಅಂಚು ಏಳುವುದಿಲ್ಲ. ಕೆಲವರು ಗ್ಲಿಟರ್ ವಿನೈಲಿಗೆಂದು ಮಾಡಿದ ಸ್ಟ್ರಾಂಗ್ ಗ್ರಿಪ್ ಹಾಳೆಯನ್ನು ಒರಾಕಲ್ 631ರಂಥ ಮೆದು ಅಂಟಿನ ವಿನೈಲಿಗೆ ಒತ್ತುತ್ತಾರೆ, ನೇರ ಎತ್ತಿ ಕೀಳುತ್ತಾರೆ, ಅಕ್ಷರ ಗೋಡೆ ಬಿಟ್ಟು ಎದ್ದುಬಂದಾಗ ವಿನೈಲ್ ಕಳಪೆ ಎಂದು ಬೈಯುತ್ತಾರೆ. ಇದು ಅನ್ಯಾಯ.

ಅದನ್ನಾದರೂ ಸಹಿಸಬಹುದು. ಒತ್ತಕ್ಷರ ಮುರಿದುಕೊಂಡು ಗಾಜಿಗೇರುವ ಕನ್ನಡವನ್ನು ಸಹಿಸಲಾರೆ. ಕತ್ತರಿಸುವ ತಂತ್ರಾಂಶಕ್ಕೆ ಲಿಪಿ ಗೊತ್ತಿಲ್ಲದಿದ್ದರೆ ಶ ಒಂದು ಕಡೆ, ರೀ ಒಂದು ಕಡೆ. ಇಂಕ್‌ಸ್ಕೇಪ್ ತಂತ್ರಾಂಶದಲ್ಲಿ ಟೈಪ್ ಮಾಡಿ, ಅಕ್ಷರಗಳನ್ನು ಗೆರೆಗಳಾಗಿ (ಪಾತ್) ಬದಲಿಸಿ, ಒಂದರ ಮೇಲೊಂದು ಬಂದ ಕಡೆ ಬೆಸೆದು, ಎಸ್‌ವಿಜಿ ಕಡತ ಉಳಿಸಿಕೊಂಡರೆ ಮುಗಿಯಿತು, ಉಚಿತವೂ ಹೌದು. ಬೆಸೆಯದೆ ಬಿಟ್ಟರೆ ಬ್ಲೇಡು ಒತ್ತಿನ ಕುತ್ತಿಗೆಯನ್ನೇ ಕೊಯ್ಯುತ್ತದೆ. ಇಷ್ಟು ಸುಲಭವಿದ್ದೂ ಮದುವೆ ಕಾರಿನ ಹಿಂಗಾಜಿನ ಮೇಲೆ, ಅಂಗಡಿ ಬಾಗಿಲ ಮೇಲೆ, ಹೊಸ ಮನೆಯ ಹೆಸರಿನಲ್ಲಿ ಅದೇ ಒಡಕು. ಬ್ಲೇಡ್ ಇಳಿಸುವ ಮೊದಲು ಪರದೆಯ ಮೇಲಿದ್ದದ್ದನ್ನು ಒಮ್ಮೆ ಗಟ್ಟಿಯಾಗಿ ಓದಿದ್ದರೂ ಸಾಕಿತ್ತು.