ಪಾಗಾರ ಕಟ್ಟಿದ ವೈನು

ಹಡಗಿನ ಅಡುಗೆಮನೆಯಲ್ಲಿ ದುಡಿದವನಿಗೆ ಊರಿನ ಗುರುತು ನಾಲಗೆಯಲ್ಲೇ ಉಳಿಯುವುದು. ಇಟೆಲಿಯ ಲಾ ಸ್ಪೆಜಿಯಾ ಬಂದರಿನಲ್ಲಿ ರಜೆ ಸಿಕ್ಕಿದರೆ ನಾನು ರೈಲು ಹತ್ತಿ ಪಕ್ಕದ ಚಿಂಕ್ವೆ ತೆರ್ರೆಗೆ ಹೋಗುತ್ತಿದ್ದೆ. ಕಡಲಿಂದ ನೆಟ್ಟಗೆ ಎದ್ದ ಗುಡ್ಡ. ಅದಕ್ಕೆ ಗಾರೆಯಿಲ್ಲದ ಕಲ್ಲಿನ ಪಾಗಾರ ಕಟ್ಟಿ, ತಟ್ಟುತಟ್ಟಾಗಿ ದ್ರಾಕ್ಷಿ ಬೆಳೆಸಿದ್ದಾರೆ. ಗುಡ್ಡದ ಬುಡದಲ್ಲಿ ಕಂಗಿನ ತೋಟ ಮಾಡಿದ ನಮ್ಮವರಿಗೆ ಆ ಬೆವರಿನ ಲೆಕ್ಕ ಹೇಳಬೇಕಾ?

ಊಟದಲ್ಲಿ ಆಡಂಬರವಿಲ್ಲ. ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ ಕಲಸಿ ಸೌದೆ ಒಲೆಯಲ್ಲಿ ಬೇಯಿಸಿದ ಫರಿನಾತಾ. ನಮ್ಮ ಕೊಲ್ಲತರುವಿನ ಜಾತಿಯ ಮೀನನ್ನು ಉಪ್ಪಿನಲ್ಲಿಟ್ಟದ್ದು. ಕೊನೆಗೆ ಪುಟ್ಟ ಗ್ಲಾಸಿನಲ್ಲಿ ಶಾಕ್ಕೆತ್ರಾ ಎಂಬ ಸಿಹಿ ವೈನು. ಕೊಯ್ದ ದ್ರಾಕ್ಷಿಯನ್ನು ನೆರಳಲ್ಲಿ ವಾರಗಟ್ಟಲೆ ಒಣಗಿಸಿ, ಆಮೇಲೆ ಹಿಂಡುತ್ತಾರೆ. ರಾಶಿ ಹಣ್ಣಿಗೆ ಬೊಗಸೆ ರಸ.

"ಮಕ್ಕಳೆಲ್ಲ ಪೇಟೆ ಸೇರಿದರು, ಕಲ್ಲು ಇಡುವವರಿಲ್ಲ" ಎಂದು ಒಬ್ಬ ಅಜ್ಜ ಅರ್ಧಂಬರ್ಧ ಇಂಗ್ಲಿಷಿನಲ್ಲಿ ಹೇಳಿದರು. 1997ರಲ್ಲಿ ಆ ಸೀಮೆ ಯುನೆಸ್ಕೊ ಪಟ್ಟಿ ಸೇರಿತು, ಪ್ರವಾಸಿಗಳು ತುಂಬಿದರು. ಆದರೆ ಪಟ್ಟಿ ಬಂದು ಪಾಗಾರ ಕಟ್ಟುವುದಿಲ್ಲವಲ್ಲ! 2011ರ ಅಕ್ಟೋಬರ್ 25ರ ಮಳೆಗೆ ಪಾಳುಬಿದ್ದ ತಟ್ಟುಗಳ ಮಣ್ಣು ಜಾರಿತು; ವೆರ್ನಾತ್ಸಾದ ಬೀದಿ ಕೆಸರಿನಡಿ ಹೂತಿತು.

ಕುಡಿಯುವುದು ಬಿಡುವುದು ಅವರವರಿಗೆ ಬಿಟ್ಟದ್ದು. ನನಗೆ ಆ ಗ್ಲಾಸಿನಲ್ಲಿ ಕಂಡದ್ದು ಕೈಕೆಲಸ. ನಮ್ಮ ತೋಟದ ಪಾಗಾರ ಈಗ ತಮ್ಮ ಒಬ್ಬನೇ ಸರಿಮಾಡುತ್ತಾನೆ. ಅವನಿಗೂ ಐವತ್ತು ದಾಟಿತು. ಈ ಮಳೆಗಾಲಕ್ಕೆ ಮೊದಲು ಮನೆಯ ಹುಡುಗರನ್ನು ಅವನ ಜೊತೆ ನಿಲ್ಲಿಸಬೇಕು.